ಹೊಲಿಗೆ ಬಿಚ್ಚದೆ ಕಳಿಸಿದ ಪ್ಯಾಂಟು

ಜೂನ್ ೧೪, ಭಾನುವಾರ

ಪ್ರೀತಿಯ ಗುಂಡನಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾನೂ ನನ್ನ ಹೊಲಿಗೆ ಯಂತ್ರವೂ ಚೆನ್ನಾಗಿದ್ದೇವೆ, ಇಬ್ಬರ ಕೀಲೂ ಸ್ವಲ್ಪ ಕಿರುಗುಟ್ಟುತ್ತದೆ ಅಷ್ಟೆ. ಸೊಂಟ ಸಡಿಲಿಸಿ ಕೊಡಿ ಎಂದು ನೀನು ಕಳಿಸಿದ ಎರಡು ಪ್ಯಾಂಟು ಬಂದು ವಾರದ ಮೇಲಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಧೈರ್ಯ ಬರಲಿಲ್ಲ.

ಪಕ್ಕದ ಕ್ಷೌರದಂಗಡಿಯವನು ಮೊಮ್ಮಗಳು ಹುಟ್ಟಿದ ಖುಷಿಗೆ ಬೀದಿಯವರಿಗೆಲ್ಲ ಒಂದು ದಿನ ಬಿಟ್ಟಿ ಕ್ಷೌರ ಮಾಡಿದ. ನನ್ನ ತಲೆಯಲ್ಲಿ ಅವನಿಗೆ ಹೆಚ್ಚು ಕೆಲಸ ಸಿಗಲಿಲ್ಲ.

ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ. ಪ್ಯಾಂಟು ಬಂದ ದಿನವೇ ನಿನ್ನ ಹೆಂಡತಿ ತವರಿನಿಂದ ಫೋನ್ ಮಾಡಿದ್ದಳು. ಹವೆ, ಅಂಗಡಿ, ನನ್ನ ಮಾತ್ರೆ ಎಂದು ತುಂಬ ಹೊತ್ತು ಮಾತಾಡಿ ಕೊನೆಗೆ ಅತ್ತೇಬಿಟ್ಟಳು. "ಮಾವ, ಒಂದು ವರ್ಷದಿಂದ ಅವರು ಹಾಲ್‌ನಲ್ಲೇ ಮಲಗ್ತಾರೆ. ಹತ್ತಿರ ಹೋದ್ರೆ ಸಿಡುಕ್ತಾರೆ. ನಾನು ಅವರಿಗೆ ಬೇಡವಾಗಿದೀನಾ? ಬೇರೆ ಯಾರಾದ್ರೂ ಇದ್ರೆ ಹೇಳಿಬಿಡಿ, ನಾನು ವಾಪಸ್ ಹೋಗಲ್ಲ." ಸೊಸೆಯೊಬ್ಬಳು ಮಾವನ ಹತ್ತಿರ ಇಂಥ ಮಾತಾಡಬೇಕಾದರೆ ಅವಳು ಎಷ್ಟು ನೊಂದಿರಬೇಕು, ಯೋಚಿಸು.

ಬೇರೆ ಯಾರೂ ಇಲ್ಲವೆಂದು ನನಗೆ ಗೊತ್ತು. ನಿನ್ನ ಪ್ಯಾಂಟು ನೋಡಿದರೇ ಅರ್ಥವಾಗುತ್ತದೆ.

ಮದುವೆಯ ಸೂಟು ಹೊಲಿದಾಗ ನಿನ್ನ ಸೊಂಟ ಮೂವತ್ತೆರಡು ಇಂಚು. ಈಗ ನಲವತ್ತು ಕೇಳಿದ್ದೀಯ. ಕಡ್ಡಿಯಂತಿದ್ದವನನ್ನು ನಿನ್ನಮ್ಮ ತಮಾಷೆಗೆ ಗುಂಡ ಎಂದು ಕರೆದಳು, ನೀನು ಆ ಹೆಸರನ್ನು ಉಳಿಸಲೇಬೇಕೆಂದು ಹಟ ತೊಟ್ಟಂತಿದೆ. ಬಂದರಿನಲ್ಲಿ ದಿನವಿಡೀ ಕ್ರೇನಿನ ಮೇಲೆ ಕೂತು, ತೂಕಡಿಕೆ ಬಾರದಿರಲೆಂದು ಬಾಟಲಿಗಟ್ಟಲೆ ಸಿಹಿ ಸೋಡಾ ಕುಡಿಯುತ್ತೀಯ. ಆದರೆ ಇದರಲ್ಲಿ ನನ್ನ ಪಾಲೂ ಇದೆ. ನನ್ನ ಅಂಗಡಿಯಲ್ಲಿ ಯಾರೂ ದಪ್ಪವಾಗುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆನಲ್ಲ, ಅದರ ಗುಟ್ಟು ಇಷ್ಟೆ: ಒಳಗೆ ಬಟ್ಟೆ ಧಾರಾಳವಾಗಿ ಮಡಚಿ ಹೊಲಿಯುತ್ತಿದ್ದೆ. ಗುಂಡಿ ಹಾಕಿಸಲು ಬಂದ ಗಿರಾಕಿಗೂ ಕೇಳದೆಯೇ ಸೊಂಟ ಒಂದು ಬೆರಳು ಸಡಿಲಿಸಿ ಕೊಡುತ್ತಿದ್ದೆ. ನೀನು ರಜೆಗೆ ಬಂದಾಗಲೆಲ್ಲ ನಿನ್ನ ಪ್ಯಾಂಟಿಗೂ ಹಾಗೇ ಮಾಡಿದೆ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ನನ್ನ ಪ್ಯಾಂಟುಗಳಿಗೂ ಅದೇ ಉಪಚಾರ ನಡೆದಿತ್ತು.

ಕತ್ತರಿ ಕಾಲ ಮೇಲೆ ಬಿದ್ದು, ಗಾಯ ಮಾಯದೆ ನಾನು ಆಸ್ಪತ್ರೆಗೆ ಹೋದದ್ದು ನೆನಪಿದೆಯಾ? ನಿನ್ನಮ್ಮ ತೀರಿಕೊಂಡ ಮರುವರ್ಷ. ಸಕ್ಕರೆ, ಬಿಪಿ, ಕೊಬ್ಬು ಎಲ್ಲವೂ ಮಿತಿ ಮೀರಿದ್ದವು. ಡಾಕ್ಟರು, "ಹೆಂಡತಿ ಜೊತೆ ಸೇರೋದರಲ್ಲಿ ತೊಂದರೆ ಏನಾದ್ರೂ ಇದೆಯಾ?" ಎಂದರು. "ಹೆಂಡತಿ ಇಲ್ಲದವನನ್ನ ಕೇಳ್ತೀರಲ್ಲ ಡಾಕ್ಟ್ರೇ" ಎಂದು ನಕ್ಕೆ. ಅವರು ನಗಲಿಲ್ಲ. "ಅವರು ಇದ್ದಾಗ?" ಎಂದರು. ನಾನು ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತ ಕೂತೆ.

ಅವರಿಗೆ ಅರ್ಥವಾಯಿತು. "ಇದರಲ್ಲಿ ಗಂಡಸ್ತನದ ಮಾತೇ ಇಲ್ಲ. ಹೊಟ್ಟೆ ಬೆಳೆದು ಸಕ್ಕರೆ ಏರಿದ್ರೆ ರಕ್ತನಾಳ ಕೆಡುತ್ತೆ, ನರ ಮಂಕಾಗುತ್ತೆ, ಹಾರ್ಮೋನೂ ಇಳಿಯುತ್ತೆ. ಅಲ್ಲಿನ ನಾಳ ಸಣ್ಣದು, ಅದಕ್ಕೇ ಎಷ್ಟೋ ಜನಕ್ಕೆ ಮೊದಲು ಅಲ್ಲೇ ಗೊತ್ತಾಗೋದು. ಹೃದಯದ ಸರದಿ ಆಮೇಲೆ" ಎಂದರು. ಆಗಲೇ ಬಂದಿದ್ದರೆ ಬಹಳಷ್ಟು ಸರಿಹೋಗುತ್ತಿತ್ತಂತೆ. ಆ ಮಾತು ಕೇಳಿ ಮನೆಗೆ ಬಂದವನು ಆ ದಿನ ಅಂಗಡಿ ತೆರೆಯಲಿಲ್ಲ.

ನಿನಗೂ ಇದೇ ತೊಂದರೆ ಎಂದು ಖಚಿತವಾಗಿ ಹೇಳಲು ನಾನು ಡಾಕ್ಟರಲ್ಲ, ದರ್ಜಿ. ಆದರೆ ನಿನಗಿನ್ನೂ ವಯಸ್ಸಿದೆ ಮಗನೇ. ರಕ್ತ ಪರೀಕ್ಷೆ ಮಾಡಿಸು, ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಬಾಯಿ ಬಿಡು. ಔಷಧಿ ಅಂಗಡಿಯಲ್ಲಿ ಗುಟ್ಟಾಗಿ ಮಾತ್ರೆ ಕೊಂಡು ನುಂಗಬೇಡ. ಅದೆಲ್ಲಕ್ಕೂ ಮೊದಲು ಅವಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳು. "ಸ್ವಲ್ಪ ದಿನ ತಾಳಮ್ಮ, ಅವನೇ ಹೇಳ್ತಾನೆ" ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಪ್ಯಾಂಟು ಎರಡನ್ನೂ ಹೊಲಿಗೆ ಬಿಚ್ಚದೆ ವಾಪಸ್ ಕಳಿಸಿದ್ದೇನೆ. ಒಳಗೆ ಬೇಕಾದಷ್ಟು ಬಟ್ಟೆ ಇದೆ, ಆದರೂ ಈ ಸಲ ನಾನು ಬಿಚ್ಚುವುದಿಲ್ಲ. ಬೈದುಕೋ.

ಇಬ್ಬರೂ ನೂರು ಕಾಲ ಒಂದೇ ಸೂರಿನಡಿ ಜಗಳವಾಡಿಕೊಂಡು ಸುಖವಾಗಿರಿ.

ನಿನ್ನ ಅಪ್ಪ

ತಾ.ಕ.: ನಿನ್ನಮ್ಮ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗುಂಡಿ, ಕಾಜಾದ ಕೆಲಸ ಮಾಡುತ್ತಿದ್ದಳಲ್ಲ. ನಾನು ಹಾಸಿಗೆ ಬೇರೆ ಮಾಡಿಕೊಂಡು ಬಹಳ ದಿನವಾಗಿತ್ತು. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಸೂಜಿಯಿಂದ ಕಣ್ಣೆತ್ತದೆ ಕೇಳಿದಳು: "ನಾನು ನಿಮಗೆ ಬೇಡವಾಗಿದೀನಾ?" ಅವಳು ನನಗೆ ಬೇಕಾಗಿದ್ದಳು, ಗುಂಡ, ತುಂಬ ಬೇಕಾಗಿದ್ದಳು. ನಾನು ಅಂದದ್ದು, "ಆ ನೀಲಿ ದಾರ ಕೊಡು." ಕೊಟ್ಟಳು. ಸಾಯುವವರೆಗೂ ಮತ್ತೆ ಕೇಳಲಿಲ್ಲ. ನಿನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.