ಮಗುವಿಗೆ ಹೇಳುವವರು ಯಾರು?

ಬೇರ್ಪಟ್ಟ ಅಪ್ಪ ಅಮ್ಮಂದಿರ ಮಕ್ಕಳು ಯಾವ ಊರಿನಲ್ಲಿರಬೇಕೆಂದು ತೀರ್ಮಾನಿಸುವ ಮಾನ್ಯರೇ,

ಸೋತವರ ಪತ್ರಗಳು ನಿಮಗೆ ಬೇಕಾದಷ್ಟು ಬರುತ್ತಿರಬಹುದು. ನಾನು ಗೆದ್ದವಳು. ಆರು ವರ್ಷದ ನನ್ನ ಮಗಳನ್ನು ಅವಳಪ್ಪನ ಊರಿನಿಂದ ಇಡೀ ದಿನದ ರೈಲು ಪ್ರಯಾಣದಷ್ಟು ದೂರ ಕರೆತರಲು ನೀವು ಅನುಮತಿ ಕೊಟ್ಟಿರಿ. ಜೊತೆಗೊಂದು ಷರತ್ತು: ಸ್ಥಳಾಂತರದ ವಿಚಾರವನ್ನು ತಾಯಿಯಾಗಲಿ ತಂದೆಯಾಗಲಿ ಮಗುವಿನೊಡನೆ ಚರ್ಚಿಸತಕ್ಕದ್ದಲ್ಲ, ಕಚೇರಿಯ ಆಪ್ತ ಸಮಾಲೋಚಕರೇ ತಿಳಿಸತಕ್ಕದ್ದು. ಆ ಸಮಾಲೋಚಕರ ಹುದ್ದೆ ಖಾಲಿಯಿದೆ. ನಾವು ಬಂದ ಮೇಲೆ ಮಗಳ ಮುಂದಿನ ಎರಡು ಹಲ್ಲು ಬಿದ್ದು ಹೊಸವೂ ಬಂದವು. ಅವಳಿಗೆ ಇನ್ನೂ ಯಾರೂ ಏನೂ ಹೇಳಿಲ್ಲ. ಇದೇ ನನ್ನ ದೂರು.

ನಿಮ್ಮ ವಿಚಾರಣೆಯಲ್ಲಿ ಕೊರತೆಯಿತ್ತೆಂದು ಹೇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ನನ್ನ ಸಂಬಳ ಕೇಳಿದಿರಿ, ಬಾಡಿಗೆ ಮನೆಯ ಕಿಟಕಿಗೆ ಸರಳಿದೆಯೇ ಎಂದು ಕೇಳಿದಿರಿ. ನಾನು ಕೃತಕ ಹಲ್ಲು ಮಾಡುವವಳು. ಇಲ್ಲಿನ ದಂತ ಆಸ್ಪತ್ರೆಯಲ್ಲಿ ಕಾಯಂ ಕೆಲಸ ಸಿಕ್ಕಿತೆಂದು ಬಂದೆ, ಗಂಡನ ಮೇಲಿನ ಹಟಕ್ಕಲ್ಲ. ಅದನ್ನೂ ಬರೆದುಕೊಂಡಿರಿ. ಪೆಟ್ಟಿಗೆ ತುಂಬುವಾಗ ಮಗಳು “ಎಲ್ಲಿಗಮ್ಮ?” ಎಂದರೆ ಏನು ಹೇಳಬೇಕೆಂಬುದು ಮಾತ್ರ ನಿಮ್ಮ ಆದೇಶದಲ್ಲಿರಲಿಲ್ಲ. “ಸ್ವಲ್ಪ ದಿನ ಊರು ನೋಡೋಕೆ” ಎಂದೆ. ಬಾಯಿ ತಪ್ಪಿದರೆ ನನ್ನ ಅನುಮತಿ ರದ್ದು, ಅವಳಪ್ಪನಿಗೆ ಭಾನುವಾರದ ಫೋನ್ ಬಂದ್ ಎಂದು ನಿಮ್ಮ ಗುಮಾಸ್ತರು ಇಬ್ಬರನ್ನೂ ಹೆದರಿಸಿ ಕಳಿಸಿದ್ದರು.

ಈಗ ನಮ್ಮ ಮನೆಯ ಕಥೆ ಕೇಳಿ. ಮಗಳು ತನ್ನ ಬಟ್ಟೆಗಳನ್ನು ಬೀರುವಿನಲ್ಲಿಡಲು ಬಿಡುವುದಿಲ್ಲ, ಎಲ್ಲವೂ ಸೂಟ್‌ಕೇಸಿನಲ್ಲೇ. ಪಕ್ಕದ ಮನೆಯ ಅಜ್ಜಿ “ಏನೇ ಪುಟ್ಟಿ, ಸ್ಕೂಲಲ್ಲಿ ಫ್ರೆಂಡ್ಸ್ ಆದ್ರಾ?” ಎಂದರೆ “ಇಲ್ಲ ಅಜ್ಜಿ, ನಾವು ಹೊರಟು ಹೋಗ್ತೀವಲ್ಲ, ಸುಮ್ನೆ ಯಾಕೆ?” ಅನ್ನುತ್ತಾಳೆ. ಊರು ನೋಡಲು ಬಂದವಳನ್ನು ಶಾಲೆಗೇಕೆ ಹಾಕಿದೆಯೆಂದು ಅವಳು ನನ್ನನ್ನು ಒಮ್ಮೆಯೂ ಕೇಳಿಲ್ಲ. ಕೇಳದಿರುವುದೇ ನನಗೆ ಭಯ.

ಅವಳಪ್ಪ ಲಿಫ್ಟ್ ರಿಪೇರಿಯವನು. ಕೆಲವೊಮ್ಮೆ ಇವಳನ್ನೂ ಕೆಲಸಕ್ಕೆ ಕರೆದೊಯ್ದು, ಮುಚ್ಚಿದ ಬಾಗಿಲ ಹಿಂದಿನಿಂದ “ಇನ್ಸ್‌ಪೆಕ್ಟರ್ ಮೇಡಂ, ಪಾಸ್ ಮಾಡ್ತೀರಾ?” ಎಂದು ಕೂಗುತ್ತಿದ್ದ. ಮೊನ್ನೆ ನಮ್ಮ ಆಸ್ಪತ್ರೆಯ ಲಿಫ್ಟ್ ಕೆಟ್ಟು ನಿಂತಿತ್ತು. ಶಾಲೆಯಿಂದ ಬಂದವಳು ಅದರ ಬಾಗಿಲಿಗೆ ಕಿವಿಯಿಟ್ಟು ನಿಂತುಬಿಟ್ಟಳು. ಒಳಗೆ ಸ್ಪ್ಯಾನರ್ ಬಿದ್ದ ಸದ್ದಾಯಿತು. “ಪಾಸ್ ಅಪ್ಪಾ, ಪಾಸ್! ಆಚೆ ಬಾ!” ಎಂದು ಕಿರುಚಿದಳು. ಬಾಗಿಲು ಸರಿದಾಗ ಹೊರಬಂದವನು ಯಾರೋ ಬೇರೆ ಮೆಕ್ಯಾನಿಕ್. ಪಾಪ, ಅವನಿಗೆ ನಮ್ಮ ಮುಖ ನೋಡಲಾಗಲಿಲ್ಲ. ಅಂದಿನಿಂದ ನಾನು ಮೆಟ್ಟಿಲು ಹತ್ತಿಯೇ ಹೋಗುತ್ತೇನೆ. ಆದರೂ ಪ್ರತಿ ಅಂತಸ್ತಿನಲ್ಲೂ ಆ ಮುಚ್ಚಿದ ಬಾಗಿಲು ಎದುರಾಗುತ್ತದೆ, ಅವಳ ದನಿ ಕೇಳುತ್ತದೆ.

ಕಳೆದ ಭಾನುವಾರ ಅವಳು ಫೋನ್ ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಹೊರಗೆ ನಿಂತೆ. ಸ್ಪೀಕರ್ ಹಾಕಿದ್ದಳು.

“ಅಪ್ಪಾ, ನಾನೀಗ ಹಾಸಿಗೆ ಒದ್ದೆ ಮಾಡಲ್ಲ. ಬೇಕಾದ್ರೆ ಅಮ್ಮನ್ನ ಕೇಳು. ಈಗ ಮನೆಗೆ ಬರ್ಲಾ?”

ನನ್ನ ಗಂಡನಾಗಿದ್ದವನ ಮೇಲೆ ನನಗೆ ನೂರೆಂಟು ಸಿಟ್ಟಿದೆ. ಆದರೂ ಅವನು ಬಾಯಿಗೆ ಕೈ ಅಡ್ಡ ಹಿಡಿದು ಅಳುವುದು ಕೇಳಿ ನಾನು ಬಚ್ಚಲ ಬಾಗಿಲಿಗೆ ಹಣೆಯಿಟ್ಟು ನಿಂತೆ. ಕೊನೆಗೆ “ಲೈನ್ ಸರಿಯಿಲ್ಲ ಕಂದಾ” ಎಂದ. ನಿಮ್ಮ ಷರತ್ತನ್ನು ಅವನು ಪಾಲಿಸಿದ, ನಾನೂ ಪಾಲಿಸಿದೆ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಅಪ್ಪ ತನ್ನನ್ನು ಮನೆಯಿಂದ ಆಚೆ ಹಾಕಿದನೆಂದು ಆರು ವರ್ಷದ ಮಗು ನಂಬಿಕೊಂಡಿದೆ. ‘ಮಗುವಿನ ಹಿತದೃಷ್ಟಿಯಿಂದ’ ಎಂದು ಆದೇಶದ ಮೊದಲ ಸಾಲಿನಲ್ಲೇ ಬರೆದಿದ್ದೀರಲ್ಲ, ಯಾವ ಹಿತ ಸ್ವಾಮಿ ಇದು?

ಆ ಷರತ್ತನ್ನು ತೆಗೆದುಹಾಕಿ. ಊರು ಬಿಡುವ ಮುನ್ನ ಅಪ್ಪ ಅಮ್ಮ ಒಂದೇ ಕೋಣೆಯಲ್ಲಿ ಕುಳಿತು ಮಗುವಿಗೆ ನಿಜ ಹೇಳಲೇಬೇಕೆಂದು ನಿಯಮ ಮಾಡಿ. ಅದಕ್ಕೆ ನಾನು ಕಾಯುತ್ತಾ ಕೂರುವುದಿಲ್ಲ. ಈ ಭಾನುವಾರ ನಾನು ಎದುರಿಗೆ ಕುಳಿತು, ಅವಳಪ್ಪ ಫೋನಿನಲ್ಲಿದ್ದು, ನಾವಿಬ್ಬರೂ ಅವಳಿಗೆ ಹೇಳುತ್ತೇವೆ: ನಾವು ವಾಪಸ್ ಹೋಗುವುದಿಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಅನುಮತಿ ರದ್ದು ಮಾಡುವುದಿದ್ದರೆ ಸೋಮವಾರ ಮಾಡಿ.

ಇಂತಿ,
ನಿಮ್ಮ ಆದೇಶವನ್ನು ಮೀರಲಿರುವ,
ಇಷ್ಟು ದಿನ ಮೀರದೇ ಇದ್ದುದಕ್ಕೆ ನಿದ್ದೆಗೆಟ್ಟಿರುವ
ಒಬ್ಬ ತಾಯಿ