ನವಜ್ಯೋತಿ ತಂಡಕ್ಕೆ ಹೊಸ ಕೋಚು

ಪಿರಿಯಾಪಟ್ಟಣ
೧೭-೧೧-೨೦೨೪, ಭಾನುವಾರ

ಪ್ರೀತಿಯ ಮೀನಕ್ಕನಿಗೆ,

ನಿನ್ನ ತಂಗಿ ಸುಧಾಳ ನಮಸ್ಕಾರ. ನಾವು ಮೂವರೂ ಗಟ್ಟಿಮುಟ್ಟಾಗಿದ್ದೇವೆ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟುದ್ದದ ಕಾಗದ ನೋಡಿ ನೀನು ಗಾಬರಿಯಾಗುತ್ತೀ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತಿದೆ ಎಂದಿದ್ದೆಯಲ್ಲ, ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾರ ಕೈಲೂ ಓದಿಸಬೇಡ.

ನೀನು ಫೋನು ಮಾಡಿದಾಗಲೆಲ್ಲ "ಗಿರಾಕಿ ಬಂದವ್ರೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಗಿರಾಕಿ ಬಂದಿದ್ದೇನೋ ನಿಜ. ತಂಬಾಕು ಹರಾಜು ಶುರುವಾಗಿದೆ, ಬೇಲು ತಂದ ರೈತರು ಬೆಳಗಾಗುವ ಮುಂಚೆಯೇ ಹೋಟೆಲಿನ ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಅದೊಂದೇ ಅಲ್ಲ. ನಮ್ಮನೆಯವರ ಮೋಟಾರ್ ವೈಂಡಿಂಗ್ ಅಂಗಡಿಗೂ ನನ್ನ ಹೋಟೆಲಿಗೂ ನಡುವೆ ಇರುವುದು ಒಂದೇ ಗೋಡೆ. ಅದರಲ್ಲೂ ಒಂದು ಬಾಗಿಲಿದೆ. ನೀನು ಕೇಳುವ ಮಾತಿಗೆ ನಾನು ಉತ್ತರ ಕೊಟ್ಟರೆ ಅದು ಅವರ ಕಿವಿಗೆ ಬೀಳುತ್ತದೆ.

ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ನಿಮ್ಮ ತಂಗಿ ಗಂಡನ್ನ ತಂಡದಿಂದ ತೆಗೆದ್ರಂತೆ" ಅಂದರು ಎಂದೆಯಲ್ಲ, ಅದು ನಿಜ. ಹೇಗಾಯಿತು ಎಂಬುದನ್ನು ನಾನೇ ಹೇಳುತ್ತೇನೆ. ಬೇರೆಯವರ ಬಾಯಲ್ಲಿ ಅದು ಇನ್ನೊಂದು ತರಹ ಆಗುತ್ತದೆ.

ನವಜ್ಯೋತಿ ಫುಟ್‌ಬಾಲ್ ತಂಡ ಇವರಿಗೆ ಏನು ಎಂದು ನಿನಗೆ ಗೊತ್ತು. ನಮ್ಮ ಮದುವೆಗೂ ಮುಂಚೆ ಕುಶಾಲನಗರದ ಕಡೆ ಪಂದ್ಯ ನೋಡಿಕೊಂಡು ಬಂದು, ಇಲ್ಲಿಯ ಹುಡುಗರನ್ನು ಸೇರಿಸಿ ಕಟ್ಟಿದ್ದು. ಅವತ್ತಿನಿಂದಲೂ ಇವರೇ ಕೋಚು. ಕೊಡಗಿನ ತಂಡಗಳನ್ನು ಅವರ ಊರಲ್ಲೇ ಸೋಲಿಸಿ ಬಂದ ಕಾಲವೂ ಇತ್ತು. ಈ ವರ್ಷ ಮಾತ್ರ ಜಿಲ್ಲಾ ಲೀಗಿನಲ್ಲಿ ಸೋಲಿನ ಮೇಲೆ ಸೋಲು. ಹೀಗೇ ಹೋದರೆ ಕೆಳಗಿನ ಡಿವಿಷನ್ನಿಗೆ ಇಳಿಸುತ್ತಾರೆ. ಇಳಿದ ತಂಡಕ್ಕೆ ಒಳ್ಳೆಯ ಹುಡುಗರು ಬರುವುದಿಲ್ಲ, ಹುಡುಗರಿಲ್ಲದ ತಂಡ ಮತ್ತೆ ಏಳುವುದಿಲ್ಲ. ಇದು ನನ್ನ ಮಾತಲ್ಲ, ಹೋಟೆಲಿನಲ್ಲಿ ದಿನಾ ಕೇಳಿ ಕೇಳಿ ಬಾಯಿಪಾಠವಾಗಿದೆ.

ಕೋಚ್ ಯಾರಾಗಬೇಕು ಎಂಬ ಚರ್ಚೆ ನಡೆಯುತ್ತಿದ್ದುದು ನನ್ನ ಹೋಟೆಲಿನಲ್ಲೇ ಅಕ್ಕ, ಮುಂದಿನ ಮೇಜಿನಲ್ಲಿ. ಅದು ಮೊದಲಿನಿಂದಲೂ ತಂಡದ ಅಭಿಮಾನಿಗಳ ಮೇಜು. ನನ್ನ ಗಂಡನನ್ನು ತೆಗೆಯುವ ಮಾತಾಡಲು ಅವರು ಬೇರೆ ಜಾಗ ಹುಡುಕಿಕೊಳ್ಳಲಿಲ್ಲ. ನಾಚಿಕೆಯಿಲ್ಲದ್ದಕ್ಕಲ್ಲ, ಅಭ್ಯಾಸಬಲ. ನಾನು ಬಡಿಸುತ್ತಾ ಕೇಳಿಸಿಕೊಂಡೆ. ಮೊದಮೊದಲು ಸಾಂಬಾರು ಕೇಳಿದವರಿಗೆ ಚಟ್ನಿ ಬಡಿಸುತ್ತಿದ್ದೆ. ಆಮೇಲೆ ಯಾರದೋ ಮನೆಯ ವಿಷಯವೇನೋ ಎಂಬಂತೆ ಆಗಿಬಿಟ್ಟಿತು.

ಮೊಬೈಲ್ ಅಂಗಡಿಯ ಮಹೇಶ್‌ಕುಮಾರ್ ಗೊತ್ತಲ್ಲ, ಇಂಗ್ಲೆಂಡಿನ ಯಾವುದೋ ತಂಡದ ಅಂಗಿ ಹಾಕಿಕೊಂಡೇ ಓಡಾಡುತ್ತಾನೆ. ಮಾತು ತೆಗೆದವನು ಅವನೇ.

"ಚಲುವಣ್ಣನ ಆಟ ಹಳೇದಾಯ್ತು ಕಣ್ರಯ್ಯ. ಎತ್ತಿ ಮುಂದಕ್ಕೆ ಒದೀರಿ, ಓಡ್ರಿ, ಅಷ್ಟೇಯ. ಈಗ ಯಾರು ಅಂಗೆ ಆಡ್ತಾರೆ? ಇಂಗ್ಲೆಂಡಲ್ಲಾಗಿದ್ರೆ ಈ ಸೋಲ್ಗೆ ಮ್ಯಾನೇಜರ್ನ ಯಾವತ್ತೋ ಮನೆಗೆ ಕಳುಸ್ತಿದ್ರು."

ಸೊಪ್ಪು ಮಾರುವ ಕುಳ್ಳಮ್ಮ ಅಲ್ಲೇ ಕೂತಿದ್ದಳು. ನಮ್ಮ ತಂಡದ ಒಂದು ಪಂದ್ಯವನ್ನೂ ಅವಳು ತಪ್ಪಿಸಿದವಳಲ್ಲ. ರೆಫರಿಗಳು ಅವಳ ಕೊಡೆ ಕಂಡರೆ ಆ ಕಡೆ ಹೋಗುವುದಿಲ್ಲ. "ಇಂಗ್ಲೆಂಡಲ್ಲಿ ಮ್ಯಾನೇಜರ್ಗೆ ಸಂಬ್ಳ ಕೊಡ್ತಾರೆ ಕಣ್ಲಾ. ನೀನು ಚಲುವಣ್ಣಂಗೆ ಏನ್ಲಾ ಕೊಟ್ಟಿದ್ದೀಯೆ? ಒಂದ್ ಲೋಟ ಟೀ ಕುಡ್ಸಿದ್ದೀಯ?"

"ಟೀ ಅವ್ರ ಹೋಟ್ಲುದ್ದೇ ಅಲ್ವೇನವ್ವ, ನಾನೇನು ಕುಡ್ಸದು?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ದೇವಯ್ಯನವರು ತಂಬಾಕು ಬೆಳೆಗಾರರು, ಇವರ ಜೊತೆ ತಂಡ ಕಟ್ಟಿದವರು, ಈಗ ತಂಡದ ಅಧ್ಯಕ್ಷರು. ಅವರಿಗೆ ಇವರನ್ನು ತೆಗೆಯುವ ಮನಸ್ಸಿರಲಿಲ್ಲ, ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ. ಕೇರಳದ ಇರಿಟ್ಟಿ ಕಡೆಯಿಂದ ಒಬ್ಬ ಮಲಯಾಳಿ ಕೋಚನ್ನು ಕರೆತರೋಣ, ಬಾಲಿನ ವಿಷಯದಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಒಂದು ವಾರ ಹೇಳಿಕೊಂಡು ತಿರುಗಿದರು. ಅದಕ್ಕೂ ಕುಳ್ಳಮ್ಮ ಬಿಡಲಿಲ್ಲ. "ಅವ್ನು ಮಲಯಾಳದಲ್ಲಿ ಬೈದ್ರೆ ನಮ್ಮ ಐಕ್ಳಿಗೆ ಬೈದದ್ದು ಅಂತ ಎಂಗೆ ಗೊತ್ತಾಯ್ತದೆ ದೇವಯ್ಯ?"

ಕೊನೆಗೆ ಮಾತು ಬಂದು ನಿಂತದ್ದು ಕನಕರಾಜು ಹೆಸರಿನ ಮೇಲೆ. ನಮ್ಮ ಮನೆಯಲ್ಲೇ ಉಂಡು ಬೆಳೆದ ಹುಡುಗ, ಇವರ ಕೈಯಲ್ಲೇ ಆಟ ಕಲಿತವನು. ಈಗ ಎಚ್.ಡಿ. ಕೋಟೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಕೋಚಿಂಗಿನ ಪರೀಕ್ಷೆಯನ್ನೂ ಪಾಸು ಮಾಡಿದ್ದಾನೆ. ಹೆಸರು ಎದ್ದ ದಿನ ಬಾಗಿಲಾಚೆ ವೈಂಡಿಂಗ್ ಯಂತ್ರದ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಇವರು ಸಂಜೆ ಹೋಟೆಲು ತೊಳೆದ ಮೇಲೆ ಮೇಜಿನ ಮೇಲೆ ಲೋಟಗಳನ್ನು ಆಟಗಾರರ ಹಾಗೆ ಜೋಡಿಸಿಕೊಂಡು ಕೂರುತ್ತಿದ್ದರು. ಒಂದು ಲೋಟವನ್ನು ಈ ಕಡೆಗೆ ಸರಿಸುವುದು, ಮತ್ತೆ ಆ ಕಡೆಗೆ ಸರಿಸುವುದು. ಊಟಕ್ಕೆ ಕರೆದರೆ "ನೀನು ಉಣ್ಣು, ಬತ್ತೀನಿ" ಎನ್ನುತ್ತಿದ್ದರು. ಬೆಲ್ಟಿಗೆ ಹೊಸ ತೂತು ಹೊಡೆಯುವಷ್ಟು ಇಳಿದುಹೋಗಿದ್ದಾರೆ.

ಇದರ ಮಧ್ಯೆ ನಮ್ಮ ಚಂದುವಿನ ಮಾತೂ ಎದ್ದಿತು. ಮೂರು ವರ್ಷದಿಂದ ಗೋಲಿನಲ್ಲಿ ನಿಲ್ಲುತ್ತಿರುವವನು ಅವನೇ. ಸೋಲು ಹೆಚ್ಚಾದಂತೆ, ಮಗ ಎಂದು ಇಟ್ಟುಕೊಂಡಿದ್ದಾರೆ, ಬೇರೆಯವರಿಗೆ ಅವಕಾಶ ಕೊಡುತ್ತಿಲ್ಲ ಎಂದು ಯಾರೋ ಅಂದರು. ಅದು ಗೋಡೆ ದಾಟಿ ಇವರಿಗೆ ಕೇಳಿಸಿತು. ಹುಣಸೂರಿನ ಪಂದ್ಯದ ದಿನ ಚಂದುವನ್ನು ಕೂರಿಸಿಬಿಟ್ಟರು. ಹೊಸ ಹುಡುಗನನ್ನು ಗೋಲಿಗೆ ನಿಲ್ಲಿಸಿದರು. ಬಾಲು ಹತ್ತಿರ ಬಂದಾಗಲೆಲ್ಲ ಆ ಹುಡುಗ ಹಿಂದಕ್ಕೆ ಸರಿಯುತ್ತಿದ್ದುದು ನಾನು ಕೂತಿದ್ದ ಕಡೆಗೂ ಕಾಣುತ್ತಿತ್ತು. ಐದು ಗೋಲು ಬಿತ್ತು. ಚಂದು ಬೆಂಚಿನ ಮೇಲೆ ಕೈಗವಸು ಹಾಕಿಕೊಂಡೇ ಕೂತಿದ್ದ. ಈಗ ಕರೆಯುತ್ತಾರೆ, ಆಗ ಕರೆಯುತ್ತಾರೆ ಎಂದು ಅಪ್ಪನ ಕಡೆಗೇ ನೋಡುತ್ತಿದ್ದ. ಇವರು ತಿರುಗಿ ನೋಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದೆ, ಮಗ ಹಿಂದೆ ಕೂತರು.

ಅದರ ಮುಂದಿನ ಭಾನುವಾರ ತಂಡದ ಸಭೆ. ಮೈದಾನದಲ್ಲಿ ಮಾಡಬೇಕೆಂದಿದ್ದರು, ಮಳೆ ಬಂತು. ಎಲ್ಲರೂ ನನ್ನ ಹೋಟೆಲಿಗೇ ನುಗ್ಗಿದರು. ಆಟಗಾರರು, ಸದಸ್ಯರು, ಒದ್ದೆ ಕೊಡೆಗಳು, ಕಾಲಿಡಲು ಜಾಗವಿಲ್ಲ. ಇವರು, "ನನ್ನ ಮುಂದೆ ಮಾತಾಡಕೆ ನಿಮಗೂ ಕಷ್ಟ, ನಂಗೂ ಕಷ್ಟ. ನಾನು ಒಳಗಿರ್ತೀನಿ" ಎಂದು ಅಂಗಡಿಗೆ ಹೋಗಿ ಬಾಗಿಲು ಎಳೆದುಕೊಂಡರು. ಬಾಗಿಲು ಹಾಕಿದ್ದರೂ ಅಲ್ಲಿಗೆ ಮಾತೆಲ್ಲ ಕೇಳಿಸುತ್ತದೆ, ಮುಖ ಕಾಣುವುದಿಲ್ಲ ಅಷ್ಟೇ.

ಮಹೇಶ್‌ಕುಮಾರ್ ಮಾತಾಡಿದ, ಇನ್ನೊಬ್ಬ ಮಾತಾಡಿದ. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದನ್ನು ಹೇಳಬೇಕು. "ಚಲುವಣ್ಣ ಇಲ್ದಿದ್ರೆ ತಂಡನೇ ಇಲ್ಲ" ಎಂದು ಪ್ರತಿಯೊಬ್ಬರೂ ಹೇಳಿದರು. ಹಾಗೆ ಹೇಳಿಯೇ ಬೇಡ ಎಂದರು. ಕೊನೆಗೆ ದೇವಯ್ಯನವರು ಎದ್ದು, "ಕನಕರಾಜು ಆಗ್ಲಿ ಅನ್ನೋರು ಕೈ ಎತ್ರಪ್ಪ" ಎಂದರು. ಒಂದು ಸುತ್ತು ನೋಡಿ, ಬಾಗಿಲ ಕಡೆ ತಿರುಗಿ, ಕೇಳಿಸಲಿ ಎಂದೋ ಏನೋ ಸ್ವಲ್ಪ ಜೋರಾಗಿಯೇ, "ಒಬ್ರು ಬುಟ್ಟು ಎಲ್ಲಾರೂ ಎತ್ತವ್ರೆ" ಎಂದರು. ಅಷ್ಟು ಹೇಳಿ ಕೂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಬಾಗಿಲು ತೆಗೆದು ಇವರೇ ಬಂದರು. ನಗುತ್ತಿದ್ದರು. "ಆಯ್ತಲ್ಲ? ಸುಧಾ, ಎಲ್ಲಾರ್ಗೂ ಕಾಫಿ ಕೊಡು" ಎಂದರು. ಕೊಟ್ಟೆ.

ಮಾರನೆಯ ದಿನ ಮೊದಲ ಬಸ್ಸಿಗೇ ಕನಕರಾಜು ಬಂದ. ಚಪ್ಪಲಿ ಹೊರಗೆ ಬಿಟ್ಟು, ಹೋಟೆಲಿನೊಳಗೆ ದೇವಸ್ಥಾನಕ್ಕೆ ಬಂದವನ ಹಾಗೆ ನಿಂತುಕೊಂಡ.

"ಸಾ, ನಾನು ಯಾರ್ನೂ ಕೇಳಿರ್ಲಿಲ್ಲ. ಅವ್ರೇ ಫೋನ್ ಮಾಡಿದ್ದು. ನೀವು ಬ್ಯಾಡ ಅಂದ್ರೆ ನಾನು ಬರಕಿಲ್ಲ."

ಇವರು ಅವನನ್ನೇ ನೋಡಿದರು. ನನಗೆ ಆ ಕ್ಷಣ ನಿಜವಾಗಿ ಹೆದರಿಕೆಯಾಯಿತು. ಆಮೇಲೆ, "ಬರಕಿಲ್ಲ ಅಂದ್ರೆ ಕಾಲ್ ಮುರೀತೀನಿ. ಕೂತ್ಕೊಳ್ಳಾ, ದ್ವಾಸೆ ತಿನ್ನು" ಎಂದರು. ದೋಸೆ ತಿನ್ನುವಷ್ಟು ಹೊತ್ತೂ ಯಾವ ಹುಡುಗನಿಗೆ ಮಂಡಿ ನೋವು, ಯಾರನ್ನು ಬೈದರೆ ಆಡುತ್ತಾನೆ, ಯಾರನ್ನು ಬೈದರೆ ಕುಗ್ಗುತ್ತಾನೆ ಎಂದು ಒಂದೊಂದಾಗಿ ಹೇಳಿಕೊಟ್ಟರು. ಕನಕರಾಜು ತಲೆಯಾಡಿಸುತ್ತಾ ಕೇಳಿದ. ಕೊನೆಗೆ ಮೆಲ್ಲಗೆ, "ಗೋಲಿಗೆ ಚಂದುನೇ ನಿಲ್ಲಿಸ್ತೀನಿ ಸಾ" ಎಂದ. ಇವರು, "ಅದು ಈಗ ನಿನ್ನ ಕೆಲ್ಸ. ನನ್ನ ಕೇಳಬ್ಯಾಡ" ಎಂದು ಎದ್ದು ಕೈ ತೊಳೆಯಲು ಹೋದರು.

ಹೋದ ವಾರ ಇಲ್ಲೇ ಕೆ.ಆರ್. ನಗರದವರ ಮೇಲೆ ಪಂದ್ಯ. ಇವರು ಹೋಗುವುದಿಲ್ಲವೇನೋ ಎಂದುಕೊಂಡಿದ್ದೆ. ಊಟ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ಹೋಟೆಲು ಬಿಟ್ಟು ನನಗೆ ಹೋಗಲಾಗಲಿಲ್ಲ, ಕೇಳಿದ್ದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ಮೈದಾನದ ಗೆರೆಯ ಪಕ್ಕ ನಿಂತವರು ಈಗ ತಂತಿಬೇಲಿಯಾಚೆ ಕುಳ್ಳಮ್ಮನ ಕೊಡೆ ಪಕ್ಕ ನಿಂತರು. ಮೊದಲು ಕೈ ಕಟ್ಟಿಕೊಂಡಿದ್ದರು. ಆಮೇಲೆ ತಡೆಯಲಾಗಲಿಲ್ಲ, ಕೂಗತೊಡಗಿದರು. ಕನಕರಾಜು ಚಿಕ್ಕ ಚಿಕ್ಕ ಪಾಸು ಆಡಿ ಎಂದರೆ ಇವರು ಎತ್ತಿ ಒದೀರೋ ಎನ್ನುವುದು. ಕುಳ್ಳಮ್ಮನೇ ಅಂಗಿ ಹಿಡಿದು ಎಳೆದು, "ಸುಮ್ಕಿರು ಚಲುವಣ್ಣ, ಐಕ್ಳು ಯಾರ ಮಾತು ಕೇಳ್ಬೇಕು?" ಎಂದಳಂತೆ. ಸುಮ್ಮನಾದರಂತೆ.

ಗೆಲ್ಲಲಿಲ್ಲ, ಸೋಲಲೂ ಇಲ್ಲ. ಒಂದಕ್ಕೊಂದು ಗೋಲು ಆಯಿತು. ಕೊನೆಗೆ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು, ಅದನ್ನು ಚಂದು ಹಿಡಿದ. ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತಂತೆ. ಇವರು ತಂತಿ ಹಾರಿ ಒಳಗೆ ಹೋಗಿ ಅವನನ್ನು ಅಪ್ಪಿಕೊಂಡು, ಮೊಳಕೈ ತರಚಿಸಿಕೊಂಡು ಬಂದರು. ಅರಿಶಿನ ಹಚ್ಚಿದೆ. ಅವತ್ತು ಎರಡು ಸಲ ಬಡಿಸಿಕೊಂಡು ಉಂಡರು ಅಕ್ಕ. ಇನ್ನು ಕೆಲವು ಪಂದ್ಯ ಉಳಿದಿವೆ. ಕೆಳಗಿಳಿಯದೆ ಈ ಡಿವಿಷನ್ನಿನಲ್ಲೇ ಉಳಿದರೂ ಉಳಿಯಬಹುದು ಎಂದು ಮುಂದಿನ ಮೇಜಿನವರು ಹೇಳುತ್ತಿದ್ದಾರೆ.

ಹಾಗಾಗಿ ನೀನು ಅಂದುಕೊಂಡಷ್ಟು ಕೆಟ್ಟದ್ದೇನೂ ಆಗಿಲ್ಲ. ಯಾರೂ ಯಾರ ಮೇಲೂ ಮುನಿಸಿಕೊಂಡಿಲ್ಲ. ಬಸ್‌ಸ್ಟ್ಯಾಂಡಿನವರು ಮತ್ತೆ ಕೇಳಿದರೆ, ವಯಸ್ಸಾಯಿತು, ಅವರೇ ಬಿಟ್ಟರು ಎನ್ನು. ಬೇಡ, ಇದ್ದದ್ದನ್ನೇ ಹೇಳು.

ಸಾಲಿಗ್ರಾಮದಲ್ಲಿ ಭತ್ತದ ಕೊಯ್ಲು ಶುರುವಾಯಿತೇ? ಭಾವನವರಿಗೆ ನಮ್ಮ ನಮಸ್ಕಾರ, ರಮ್ಯಾಳಿಗೂ ಅವಳ ಮಗುವಿಗೂ ನನ್ನ ಆಶೀರ್ವಾದ. ಮಗುವಿನ ನೆಗಡಿಗೆ ದೊಡ್ಡಪತ್ರೆ ರಸ ಸಾಕು, ಸುಮ್ಮನೆ ಡಾಕ್ಟರ ಹತ್ತಿರ ಓಡಬೇಡಿ. ನೀನು ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಳ್ಳುವುದನ್ನು ಮರೆಯಬೇಡ. ಹರಾಜು ಮುಗಿದ ಮೇಲೆ ನಾಲ್ಕು ದಿನ ಬಂದು ಇದ್ದು ಹೋಗುತ್ತೇನೆ. ನಿನ್ನ ಹರಕೆ ನಮ್ಮ ಮನೆಯ ಮೇಲಿರಲಿ.

ನಿನ್ನ ತಂಗಿ,
ಸುಧಾ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಕೈ ಎತ್ತದೆ ಉಳಿದ ಆ ಒಬ್ಬರು ಚಂದು ಎಂದು ಇವರು ನಂಬಿದ್ದಾರೆ. ಯಾರನ್ನೂ ಕೇಳಲಿಲ್ಲ, ತಾವೇ ತಿಳಿದುಕೊಂಡರು. ಮೋಟಾರು ತಂದ ರೈತರಿಗೆಲ್ಲ ಹೇಳುತ್ತಾರೆ, "ಅಷ್ಟು ಜನದಲ್ಲಿ ನನ್ ಮಗ ಒಬ್ನೇ ಕಣಯ್ಯ ಕೈ ಎತ್ಲಿಲ್ಲ. ಬೆಂಚಲ್ಲಿ ಕೂರ್ಸಿದ್ರೂ ಎತ್ಲಿಲ್ಲ" ಎಂದು. ನಾನು ಸದಸ್ಯೆಯಲ್ಲ, ಆದರೆ ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತು ನೋಡಿದವಳು. ಕೈ ಎತ್ತದವಳು ಕುಳ್ಳಮ್ಮ. ಎಲ್ಲರಿಗಿಂತ ಮೊದಲು ಎತ್ತಿದವನು ಚಂದು. ಇದು ಅಲ್ಲಿದ್ದವರಿಗೆಲ್ಲ ಗೊತ್ತು, ಒಬ್ಬರೂ ಇವರಿಗೆ ಹೇಳಿಲ್ಲ. ಮೊನ್ನೆ ಕುಳ್ಳಮ್ಮನ ಎದುರಿಗೇ ಇವರು ಆ ಮಾತು ಆಡಿದರು. ಬಾಯಿ ಮುಚ್ಚಿದವಳೇ ಅಲ್ಲ ಅವಳು. ಸೊಪ್ಪಿನ ಕಟ್ಟು ಬಿಚ್ಚುತ್ತಾ, "ಊ ಕಣಪ್ಪ, ಮಗ ಅಲ್ವಾ" ಎಂದಳು. ಚಂದು ತಟ್ಟೆ ಬಿಟ್ಟು ಎದ್ದುಹೋದ. ಸಂಜೆ ನನ್ನ ಹತ್ತಿರ ಬಂದು, "ಅವ್ವ, ಅವತ್ತು ನೀನು ನೋಡ್ದಾ?" ಎಂದ. "ಏನ್ಲಾ?" ಎಂದೆ. "ಏನಿಲ್ಲ ಬುಡು" ಎಂದ.

ಅವನನ್ನು ಬೈಯಲು ನನಗೆ ಬಾಯಿಲ್ಲ ಅಕ್ಕ. ಅವನ ಕೈ ಮೇಲೆದ್ದಾಗ ನನಗೆ ಸಿಟ್ಟು ಬರಲಿಲ್ಲ. ಸದ್ಯ, ಇನ್ನಾದರೂ ಇವರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ ಅನ್ನಿಸಿತು.