ಗುಗ್ಗುಳದ ಗಿಡಕ್ಕೆ ಕುಂಕುಮ

ಕುರಕುಂಭ (ಪುಣೆ ಜಿಲ್ಲೆ), ಸೋಮವಾರ

ಅತ್ತೆಯವರೇ, ನಿಮ್ಮ ಸೊಸೆ ಅನುಸೂಯಾ ಆರಾಮಾಗಿದ್ದಾಳೆ.

ಹೊಸ ಕಾರ್ಖಾನೆಗೆ ನಾವು ಪಾಯ ತೋಡುವ ಮಾಳದಲ್ಲಿ ಒಂದು ಮುಳ್ಳುಗಿಡಕ್ಕೆ ಕೆಂಪು ಪಟ್ಟಿ ಕಟ್ಟಿತ್ತು. ಎಲೆ ಒಂದೂ ಇಲ್ಲ, ಕಡ್ಡಿಯ ತುಂಬ ಸಣ್ಣ ಕೆಂಪು ಹೂವು. ಇಲ್ಲಿನ ಯಾವುದೋ ಅವ್ವನ ಜಾಗವಿರಬೇಕೆಂದು ನಾನೇ ಮೊದಲು ಅರಿಶಿನ ಕುಂಕುಮ ಏರಿಸಿದೆ. ಮರುದಿನದಿಂದ ನಮ್ಮ ಶೆಡ್ಡಿನ ಹೆಂಗಸರೆಲ್ಲ ಬುತ್ತಿ ಬಿಚ್ಚಿದೊಡನೆ ಮೊದಲ ತುತ್ತನ್ನು ಅದರ ಬುಡಕ್ಕೆ ಇಡತೊಡಗಿದರು.

ನಿನ್ನೆ ಕಾಡುಗಿಡಗಳ ಎಣಿಕೆ ಮಾಡುವ ನೀತಾ ಮೇಡಂ ಬಂದರು. ಸೋಲಾಪುರದವರು, ಕನ್ನಡ ಬರುತ್ತದೆ. ಪಟ್ಟಿ ಕಟ್ಟಿದ್ದು ಅವರೇ, ಬರೀ ಗುರುತಿಗೆ. ವೀರಭದ್ರನಿಗೆ ನಾವು ಹೊಗೆ ಹಾಕುವ ಗುಗ್ಗುಳ ಈ ಗಿಡದ ಅಂಟಂತೆ. ಅಂಟಿಗಾಗಿ ಕೆತ್ತಿ ಕೆತ್ತಿ ಗಿಡದ ಕುಲವೇ ಅಳಿವಿನ ಅಂಚಿಗೆ ಬಂದಿದೆಯಂತೆ. ಅವರು ಈ ಮಾಳದಲ್ಲಿ ಹನ್ನೆರಡು ಗಿಡಗಳಿಗೆ ಪಟ್ಟಿ ಕಟ್ಟಿದ್ದರು. ಹನ್ನೊಂದನ್ನು ಜೆಸಿಬಿ ಕಿತ್ತುಹಾಕಿದೆ. ಕುಂಕುಮ ಕಂಡು ಇದೊಂದನ್ನು ಮಾತ್ರ ಡ್ರೈವರ್ ಸುತ್ತು ಬಳಸಿ ಹೋಗಿದ್ದಾನೆ.

"ತಪ್ಪಾತ್ರಿ ಮೇಡಂ, ದೇವರು ಅಂತ ತಿಳಿದಿದ್ವಿ. ಕುಂಕುಮ ಒರಸಿಬಿಡ್ಲೇನ್ರಿ?" ಎಂದೆ.

ಅವರು ನನ್ನ ಕೈ ತಡೆದರು. "ಬ್ಯಾಡವ್ವ. ದಿನ್ನಿ ಆ ಕಡಿ ಜೆಸಿಬಿ ಇನ್ನೂ ಮುಟ್ಟದ ಮೂರು ಗಿಡ ಅವ. ಅವಕ್ಕೂ ಹಚ್ತೀಯೇನು?" ಎಂದರು.

ನನ್ನ ಕೆಮ್ಮು ಇಳಿದಿದೆ. ನಿಮ್ಮ ಮೊಣಕಾಲಿನ ಎಣ್ಣೆಯನ್ನು ಊರಿಗೆ ಹೊರಟ ಅವ್ವಣ್ಣ ಮಾವನ ಕೈಯಲ್ಲಿ ಕಳಿಸಿದ್ದೇನೆ. ಅವರು ತಿರುಗಿ ಬರುವಾಗ ನಾಲ್ಕು ಪೊಟ್ಟಣ ಕುಂಕುಮ ಕೊಟ್ಟು ಕಳಿಸಿ. ಯಾಕೆಂದು ಯಾರಾದರೂ ಕೇಳಿದರೆ, ದೇವಿಗೆ ಎಂದೇ ಹೇಳಿ.

ಅನುಸೂಯಾ